ಒಂದು ಬೆರಳು ಗಿಡ್ಡ

ಟೇಲರಮ್ಮ ಎದುರು ಕಟ್ಟಡದ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದಾಳೆ, ಏಳಲು ಆಗುತ್ತಿಲ್ಲ ಎಂದು ಇಸ್ತ್ರಿ ಅಂಗಡಿಯವನು ಓಡಿಬಂದು ಹೇಳಿದಾಗ ಮೇಸ್ತ್ರಿ ತನ್ನ ಮರಗೆಲಸದ ಅಂಗಡಿಯ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಒಂದು ಕಿಟಕಿಯ ಚೌಕಟ್ಟಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ. ಕೇಳಿದ್ದೇ ತಡ, ದಡಕ್ಕನೆ ಎದ್ದು, ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿದ.

ಹೆಂಡತಿ ಟೇಲರಮ್ಮ ಮೊದಲನೇ ಮಹಡಿಯ ತಿರುವಿಗೆ ಇನ್ನೂ ಎರಡು ಮೆಟ್ಟಿಲು ಇರುವಾಗಲೇ ಕೂತಿದ್ದಳು. ಒಂದು ಕೈಯಲ್ಲಿ ಗೋಡೆಯ ಕಂಬಿ, ಇನ್ನೊಂದು ಕೈಯಲ್ಲಿ ಅಕ್ಕನಿಗೆಂದು ತಂದಿದ್ದ ಸಾರಿನ ಡಬ್ಬಿ.

"ಏನಾಯ್ತೇ?"

"ಏನೂ ಆಗಿಲ್ಲ. ಕೂತಿದ್ದೀನಿ. ಕೂರಬಾರದಾ?"

ಕೂರಬಹುದಿತ್ತು, ಯಾರು ಬೇಡ ಅಂದರು? ಏಳಬೇಕಲ್ಲ! ಮೇಸ್ತ್ರಿ ಕಂಕುಳಿಗೆ ಕೈಹಾಕಿ ಎತ್ತಲು ನೋಡಿದ. ಅವಳ ಮೈ ನೆನೆದ ಮೂಟೆಯ ಹಾಗೆ ಕೆಳಕ್ಕೇ ಜಗ್ಗಿತು. ಕೊನೆಗೆ ಇಸ್ತ್ರಿ ಅಂಗಡಿಯವನೂ ಇನ್ನೊಬ್ಬನೂ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಅದರಲ್ಲಿ ಅವಳನ್ನು ಕೂರಿಸಿ, ಹೊತ್ತುಕೊಂಡು ರಸ್ತೆ ದಾಟಿಸಿದರು. ಬೀದಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ಇಡೀ ಬೀದಿಗೆ ಬಟ್ಟೆ ಹೊಲಿದುಕೊಟ್ಟ ಹೆಂಗಸು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಮನೆ ಸೇರಿದಳು.

ಅವಳು ಅಲ್ಲಿಗೆ ಹೋದದ್ದು ಸುಮ್ಮನೆ ಅಲ್ಲ. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಅವಳ ಅಕ್ಕ ಇದ್ದಳು. ಅಕ್ಕ ಎಂದರೆ ತಾಯಿ ಸತ್ತ ಮೇಲೆ ಜಡೆ ಹೆಣೆದು, ಅನ್ನ ಕಲಸಿ ತಿನ್ನಿಸಿ, ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳು. ಇಬ್ಬರೂ ಮದುವೆಯಾಗಿ ಎದುರುಬದುರಾಗಿ ಬಂದು ನಿಂತದ್ದು ಅದೃಷ್ಟ ಎಂದೇ ಎಲ್ಲರೂ ಹೇಳುತ್ತಿದ್ದರು. ಮಧ್ಯಾಹ್ನದ ಚಹಾ ಯಾವತ್ತೂ ಒಟ್ಟಿಗೇ; ಒಂದು ದಿನ ಇವಳು ಮೇಲಕ್ಕೆ, ಒಂದು ದಿನ ಅವಳು ಕೆಳಕ್ಕೆ. ಆಮೇಲೆ ಅಕ್ಕನಿಗೆ ಮಂಡಿ ನೋವು ಬಂತು. ಅವಳು ಇಳಿಯುವುದು ನಿಂತಿತು. ಆಮೇಲೆ ಇವಳು ಹತ್ತುವುದೂ ನಿಂತಿತು. ಈಗ ಅಕ್ಕ ಮೇಲಿನ ಕಿಟಕಿಯಲ್ಲಿ, ತಂಗಿ ಕೆಳಗಿನ ಕಿಟಕಿಯಲ್ಲಿ, ಇಬ್ಬರ ಕೈಯಲ್ಲೂ ಫೋನು. ಮುಖ ಕಾಣುತ್ತದೆ, ದನಿ ಕೇಳುತ್ತದೆ, ಮುಟ್ಟಲು ಮಾತ್ರ ಆಗದು.

ಅಂಥ ಅಕ್ಕ ಕೆಲವು ದಿನದಿಂದ ಕಿಟಕಿಗೆ ಬಂದಿರಲಿಲ್ಲ. ಫೋನು ತೆಗೆದ ಸೊಸೆ "ಸ್ವಲ್ಪ ಜ್ವರ ಚಿಕ್ಕತ್ತೆ, ಮಲಗಿದ್ದಾರೆ" ಎಂದಷ್ಟೇ ಹೇಳಿದ್ದಳು. ಟೇಲರಮ್ಮನಿಗೆ ತಡೆಯಲಾಗಲಿಲ್ಲ. ಗಂಡನಿಗೂ ಹೇಳದೆ ಹೊರಟಳು, ಅರ್ಧ ದಾರಿಯೂ ತಲುಪದೆ ಕೂತಳು.

"ಇನ್ನೊಂದ್ಸಲ ಹೋಗ್ಬೇಕಂದ್ರೆ ಹೇಳಮ್ಮ, ನಾವಿಬ್ರೂ ಕುರ್ಚಿಲೇ ಮೇಲಕ್ಕೆ ಹೊತ್ಕೊಂಡು ಹೋಗ್ತೀವಿ," ಎಂದ ಇಸ್ತ್ರಿ ಅಂಗಡಿಯವನು. ಒಳ್ಳೆಯ ಮನಸ್ಸಿನಿಂದಲೇ ಅಂದ, ಪಾಪ.

"ಹೊರೋದಾ? ಸತ್ತ ಮೇಲೆ ನಾಲ್ಕು ಜನ ಹೊರೋದು ಇದ್ದೇ ಇದೆ. ಬದುಕಿರೋವಾಗ ನನ್ನ ಅಕ್ಕನ ಮನೆಗೆ ನಾನು ನನ್ನ ಕಾಲಲ್ಲೇ ಹೋಗ್ತೀನಿ."

ಹೇಳಿದ್ದೇನೋ ಸರಿ. ಆದರೆ ಕಾಲು? ಆವತ್ತು ಸಂಜೆ ಅವಳು ತನ್ನ ಎತ್ತರದ ಕುರ್ಚಿಯಲ್ಲಿ ಕೂತು, ಗೋಡೆಯ ಕಡೆ ಮುಖ ಮಾಡಿಕೊಂಡು, ಸದ್ದಿಲ್ಲದೆ ಅತ್ತಳು. ಮೇಸ್ತ್ರಿಗೆ ಅದು ಗೊತ್ತಾಯಿತು. ಅವನ ಎದೆಯಲ್ಲಿ ಉಳಿ ಆಡಿದ ಹಾಗಾಯಿತು.

ಆ ಎತ್ತರದ ಕುರ್ಚಿಯ ಕಥೆ ಹೇಳಬೇಕು. ಅಕ್ಕನಿಗೆ ಮಂಡಿ ನೋವು ಬಂದಾಗ "ತಗ್ಗಿನ ಕುರ್ಚಿಯಿಂದ ಏಳೋಕಾಗಲ್ಲ ಮೇಸ್ತ್ರಿಗಳೇ" ಎಂದು ಅವಳು ಗೋಳಾಡಿದ್ದಳು. ಮೇಸ್ತ್ರಿ ಗಟ್ಟಿ ಮರ ಆರಿಸಿ ಒಂದು ಎತ್ತರದ ಕುರ್ಚಿ ಮಾಡಿಕೊಟ್ಟ. ಅಗಲವಾದ ಕೈಗಳು, ಕಾಲಿಡಲು ಒಂದು ಮಣೆ. ಅದರಲ್ಲಿ ಕೂತರೆ ಏಳುವುದೇ ಬೇಡ, ಸುಮ್ಮನೆ ಜಾರಿದರೆ ನಿಂತಿರುತ್ತೀರಿ! ಅಕ್ಕ ಹಾಡಿ ಹೊಗಳಿದಳು. ಅದನ್ನು ಕೇಳಿ ತಂಗಿಗೆ ಹೊಟ್ಟೆಕಿಚ್ಚು. "ಹೆಂಡತಿಗೆ ಮಾಡಿಕೊಡೋಕೆ ನಿಮಗೆ ಮರ ಸಿಗಲಿಲ್ವಾ?" ಸರಿ, ಹೆಂಡತಿಗೂ ಒಂದು ಆಯಿತು, ಅದಕ್ಕಿಂತ ಒಂದು ಬೆರಳು ಎತ್ತರವೇ ಆಯಿತು.

ಮೇಸ್ತ್ರಿಗೆ ಹೆಂಡತಿಯ ಮೇಲೆ ಪ್ರೀತಿ ಜಾಸ್ತಿ. ಅದನ್ನು ಬಾಯಲ್ಲಿ ಹೇಳಲು ಬಾರದು, ಮರದಲ್ಲಿ ಹೇಳುತ್ತಿದ್ದ. ಮಂಚದ ಕಾಲಿಗೆ ದಿಮ್ಮಿ ಕೊಟ್ಟು ಎತ್ತರಿಸಿದ. ಅಟ್ಟದ ಮೇಲಿನ ಡಬ್ಬಿಗಳೆಲ್ಲ ಸೊಂಟದ ಮಟ್ಟಕ್ಕೆ ಇಳಿದವು, ನೆಲದಲ್ಲಿದ್ದವು ಸೊಂಟದ ಮಟ್ಟಕ್ಕೆ ಏರಿದವು. ತುಳಿಯುವ ಹೊಲಿಗೆ ಮಿಷಿನ್ನಿಗೆ ಮೋಟಾರು ಬಂತು. ಅವಳು ಬಾಗುವಂತಿಲ್ಲ, ಚಾಚುವಂತಿಲ್ಲ, ತುಳಿಯುವಂತಿಲ್ಲ. "ನೀರು" ಅಂದರೆ ನೀರು ಕೈಗೆ ಬರುತ್ತಿತ್ತು. "ಅಯ್ಯೋ ಕಾಲು" ಎಂದರೆ ಮೇಸ್ತ್ರಿಯ ಎರಡು ಕೈಯೂ ಮುಂದೆ ಬರುತ್ತಿದ್ದವು. ರಾಣಿಯ ಹಾಗೆ ಇಟ್ಟಿದ್ದಾನೆ ಎಂದು ಬೀದಿಯವರು ಹೇಳಿದರೆ ಅವನಿಗೆ ಒಳಗೊಳಗೇ ಹಿಗ್ಗು.

ಟೇಲರಮ್ಮನೂ ಕುರ್ಚಿಗೆ ಮರ್ಯಾದೆ ಮಾಡಿದಳು. ಹಳೇ ಪರದೆಯ ಬಟ್ಟೆಯಲ್ಲಿ ಅದಕ್ಕೊಂದು ಗವಸು ಹೊಲಿದಳು. ಸುತ್ತ ಫ್ರಿಲ್ಲು; ಫ್ರಿಲ್ಲಿನ ಅಂಚು ನೆಲಕ್ಕೆ ತಾಗಿಯೂ ತಾಗದ ಹಾಗೆ. ಅವಳ ಕೈಯ ಅಳತೆ ಎಂದರೆ ಹಾಗೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಮೆಟ್ಟಿಲ ಮೇಲಿನ ಅವಮಾನ ಆದ ವಾರವೇ ಮೇಸ್ತ್ರಿ ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಫಿಸಿಯೋಥೆರಪಿ ಮಾಡುವ ಹೆಂಗಸಿನ ಹತ್ತಿರ ಕರೆದುಕೊಂಡು ಹೋದ. ಮೇಸ್ತ್ರಿಯ ಬಾಯಲ್ಲಿ ಆಕೆ ಕಸರತ್ತಿನ ಡಾಕ್ಟ್ರಮ್ಮ. ನಗುಮುಖದ ಹೆಂಗಸು, ಆದರೆ ಕಣ್ಣು ಮಾತ್ರ ಎದುರಿನವರ ಕಾಲ ಮೇಲೇ. ಮಾತ್ರೆ ಬರೆದುಕೊಡುತ್ತಾಳೆಂದುಕೊಂಡರೆ ಆಕೆ ಟೇಲರಮ್ಮನನ್ನು ಒಂದು ಮಾಮೂಲಿ ಕುರ್ಚಿಯಲ್ಲಿ ಕೂರಿಸಿದಳು.

"ಅಮ್ಮ, ಎರಡೂ ಕೈ ಎದೆ ಮೇಲೆ ಕಟ್ಟಿಕೊಳ್ಳಿ. ಹೂಂ, ಈಗ ಎದ್ದು ನಿಲ್ಲಿ."

ಟೇಲರಮ್ಮ ಮುಂದಕ್ಕೆ ಬಾಗಿದಳು, ಹಿಂದಕ್ಕೆ ವಾಲಿದಳು, ಉಸಿರು ಬಿಗಿಹಿಡಿದಳು. ಮೈ ಕುರ್ಚಿ ಬಿಟ್ಟು ಮೇಲೇಳಲಿಲ್ಲ.

"ಈ ಕುರ್ಚಿ ಸರಿ ಇಲ್ಲ. ತೀರಾ ತಗ್ಗು," ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಮೇಸ್ತ್ರಿಯೂ ಅದಕ್ಕೆ ತಾಳ ಹಾಕಿದ. "ಹೌದು ಡಾಕ್ಟ್ರಮ್ಮ, ಅಂಗಡಿ ಕುರ್ಚಿಗಳೇ ಹೀಗೆ. ನಮ್ಮನೇಲಿ ನೋಡಿ, ನಾನೇ ಮಾಡಿದ್ದು, ಇಷ್ಟೆತ್ತರ." ಕೈಯನ್ನು ತನ್ನ ತೊಡೆಯ ಮೇಲ್ಭಾಗಕ್ಕೆ ಹಿಡಿದು ತೋರಿಸಿದ. ಹಾಗೇ ಮಂಚ, ಡಬ್ಬಿ, ಮೋಟಾರು, ಎಲ್ಲವನ್ನೂ ಒಂದೊಂದಾಗಿ ಹೇಳಿಕೊಂಡ. ಹೇಳುವಾಗ ಮುಖದಲ್ಲಿ ಒಳ್ಳೆ ಗಂಡ ಎನ್ನಿಸಿಕೊಳ್ಳುವ ಆಸೆ ಕಾಣುತ್ತಿತ್ತು.

ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಯಜಮಾನ್ರೇ, ನೀವೊಂದು ಸಲ ನೆಲದ ಮೇಲೆ ಕೂತು ಏಳಿ ನೋಡೋಣ," ಎಂದಳು.

ಮೇಸ್ತ್ರಿ ಕೂತ, ಎದ್ದ. ಅದರಲ್ಲೇನಿದೆ ಎಂಬ ಹಾಗೆ ನೋಡಿದ.

"ನಿಮಗೆ ಎತ್ತರದ ಕುರ್ಚಿ ಮಾಡಿಕೊಳ್ಳಲಿಲ್ವಾ?"

"ನನಗ್ಯಾಕೆ ತಾಯಿ? ನನ್ನ ಕೆಲಸ ಎಲ್ಲ ನೆಲದ ಮೇಲೆ. ದಿನಕ್ಕೆ ಎಷ್ಟು ಸಲ ಕೂತು ಏಳ್ತೀನೋ, ಲೆಕ್ಕ ಇಟ್ಟವರ್ಯಾರು..."

ತಾನು ಏನು ಹೇಳಿದೆ ಎಂದು ಅವನಿಗೇ ಕೇಳಿಸಿತು.

"ಅಮ್ಮನಿಗೆ ದೊಡ್ಡ ಕಾಯಿಲೆ ಏನೂ ಇಲ್ಲ," ಎಂದಳು ಆಕೆ ಮೆಲ್ಲಗೆ. "ಕಾಲು ಮಾಡಬೇಕಾದ ಕೆಲಸಾನ ನಿಮ್ಮ ಕುರ್ಚಿ ಮಾಡ್ತಾ ಇದೆ. ಕೆಲಸ ಇಲ್ಲದ ಮಾಂಸ ಕರಗತ್ತೆ. ವಯಸ್ಸಾದ ಮೇಲಂತೂ ಬೇಗ ಕರಗತ್ತೆ."

"ಮತ್ತೆ ವಾಪಸ್ಸು ಬರಲ್ವಾ?"

"ಯಾಕೆ ಬರಲ್ಲ? ಕೆಲಸ ಕೊಟ್ರೆ ಎಂಬತ್ತರಲ್ಲೂ ಬರತ್ತೆ. ದಿನಾ ಕೂತು ಏಳ್ಬೇಕು. ಸಂಜೆ ನಡೀಬೇಕು. ಊಟದಲ್ಲಿ ಕಾಳೋ ಮೊಟ್ಟೆಯೋ ಇರ್ಬೇಕು, ಬರೀ ಗಂಜಿ ಕುಡಿದ್ರೆ ಆಗಲ್ಲ. ಒಂದೇ ಮೂಲೇಲಿ ಕೂರಬಾರದು, ನಾಲ್ಕು ಜನರ ಮುಖ ನೋಡ್ಬೇಕು. ಕೊಡದಿದ್ರೆ ಮಾತ್ರ, ಇವತ್ತು ಮೆಟ್ಟಿಲು ಹೋಯ್ತು, ನಾಳೆ ಮಂಚದಿಂದ ಏಳೋದೂ ಹೋಗತ್ತೆ."

ಆಟೋದಲ್ಲಿ ಬರುವಾಗ ಮೇಸ್ತ್ರಿಗೆ ಅದೇ ಯೋಚನೆ. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಮೇಸ್ತ್ರಿ ಚಿಕ್ಕಂದಿನಿಂದ ಕೇಳಿದ್ದ. ಅದು ಕಾಲಿಗೂ ಅನ್ವಯಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅದಕ್ಕಿಂತ ದೊಡ್ಡ ಮುಳ್ಳು ಇನ್ನೊಂದಿತ್ತು: ಮೇಲೆ ಅಕ್ಕ ಕೂತಿರುವುದೂ ತನ್ನ ಕುರ್ಚಿಯಲ್ಲೇ, ಕೆಳಗೆ ಇವಳು ಕೂತಿರುವುದೂ ತನ್ನ ಕುರ್ಚಿಯಲ್ಲೇ. ಅಕ್ಕತಂಗಿಯರನ್ನು ಬೇರೆ ಮಾಡಿದ್ದು ಮೆಟ್ಟಿಲಲ್ಲ, ತಾನು.

ಮೊದಲು ನೇರ ದಾರಿಯನ್ನೇ ಹಿಡಿದ. "ಬಾ, ಕೂತು ಏಳೋದು ಮಾಡೋಣ. ನಾನೂ ಮಾಡ್ತೀನಿ," ಎಂದ. ಅವಳು ಕೆಂಗಣ್ಣು ಬಿಟ್ಟಳು. "ಈ ವಯಸ್ಸಲ್ಲಿ ಬಸ್ಕಿ ಹೊಡೀಲಾ? ಸ್ಕೂಲಲ್ಲಿ ಮೇಷ್ಟ್ರು ಹೊಡೆಸ್ತಿದ್ರು, ಈಗ ನೀವು ಹೊಡೆಸಿ." ಒಂದು ದಿನ ಮನಸ್ಸು ಮಾಡಿ ಶುರುವಿಟ್ಟಳು. ಎರಡನೇ ಸಲಕ್ಕೆ "ಅಯ್ಯೋ ಕಾಲು" ಎಂದಳು. ಮೇಸ್ತ್ರಿಯ ಕೈಗಳು ತಾವಾಗಿಯೇ ಮುಂದೆ ಹೋಗಿ ಅವಳನ್ನು ಎತ್ತಿಬಿಟ್ಟವು. ಇಷ್ಟೇ ಅವರ ಕಸರತ್ತು. ಅವಳಿಗೆ ನೋವು ತಡೆಯಲಾಗದು, ಅವನಿಗೆ ಅವಳ ನೋವು ತಡೆಯಲಾಗದು. ಇಂಥ ಜೋಡಿ ಕಸರತ್ತು ಮಾಡಿ ಉದ್ಧಾರವಾದ ಹಾಗೆ!

ಕೊನೆಗೆ ಮೇಸ್ತ್ರಿಗೆ ತನಗೆ ಗೊತ್ತಿದ್ದ ದಾರಿಯೇ ಹೊಳೆಯಿತು. ಕೈಯನ್ನು ನಂಬುವ ಹಾಗಿಲ್ಲ, ಗರಗಸವನ್ನು ನಂಬಬಹುದು.

ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ಗವಸು ತೆಗೆದು ಕುರ್ಚಿಯನ್ನು ಅಂಗಡಿಗೆ ಹೊತ್ತು ತಂದ. ನಾಲ್ಕು ಕಾಲಿಗೂ ಗುರುತು ಹಾಕಿ, ಒಂದು ಬೆರಳಿನ ದಪ್ಪದಷ್ಟು ಕೊಯ್ದ. ಎಷ್ಟೋ ಮನೆಗಳ ಬಾಗಿಲು, ತೊಟ್ಟಿಲು, ಮಂಚ ಮಾಡಿದವನು ಅಂದು ಗರಗಸ ಇಡುವ ಮುಂಚೆ ಗುರುತನ್ನು ಮೂರು ಸಲ ಅಳೆದಿದ್ದ. ಕೊಯ್ದ ತುಂಡುಗಳನ್ನು ಮೊಳೆಯ ಡಬ್ಬದಲ್ಲಿ ಹಾಕಿಟ್ಟ. ತಪ್ಪಾದರೆ ಅಂಟಿಸಬಹುದಲ್ಲ ಎಂಬ ಆಸೆ.

ಕುರ್ಚಿ ತಂದಿಡುವಷ್ಟರಲ್ಲಿ ಅವಳು ಎದ್ದಿದ್ದಳು.

"ಕುರ್ಚಿ ಎಲ್ಲಿಗೆ ಹೋಗಿತ್ತು?"

"ಕೀಲು ಸ್ವಲ್ಪ ಸಡಿಲ ಆಗಿತ್ತು. ಬಿಗಿ ಮಾಡ್ದೆ."

"ನಿಮ್ಮ ಕೀಲು ಸಡಿಲ ಆಗಿದ್ದನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ."

ಮೇಸ್ತ್ರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವನು ಮಾಡಿದ ಕುರ್ಚಿಯ ಕೀಲು ಸಡಿಲವಾಯಿತೆಂದು ಬೇರೆ ಯಾರಾದರೂ ಅಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ. "ನನಗೂ ವಯಸ್ಸಾಯ್ತಲ್ಲೇ," ಎಂದು ತಲೆ ತಗ್ಗಿಸಿದ. ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿ, ಗವಸು ತೆಗೆದುಕೊಂಡು "ನಾನೇ ಹಾಕ್ತೀನಿ ಬಿಡಿ, ನಿಮಗೆ ಸುಕ್ಕಿಲ್ದೆ ಹಾಕೋಕೆ ಬರಲ್ಲ," ಎಂದಳು.

ಅಲ್ಲಿಂದ ಸುಳ್ಳಿನ ಮೇಲೆ ಸುಳ್ಳು. ಆಗಾಗ ಕೀಲು ಸಡಿಲವಾಗುತ್ತಲೇ ಹೋಯಿತು, ಕುರ್ಚಿ ಒಂದೊಂದು ಬೆರಳು ಇಳಿಯುತ್ತಲೇ ಹೋಯಿತು. ಕಾಲಿಡುವ ಮಣೆಗೆ ಗೆದ್ದಲು ಹತ್ತಿತ್ತು, ಒಲೆಗೆ ಹಾಕಿದೆ ಎಂದ. ಮಿಷಿನ್ನಿನ ಮೋಟಾರು ಸುಟ್ಟುಹೋಗಿದೆ, ರಿಪೇರಿಯವನು ಊರಲ್ಲಿಲ್ಲ ಎಂದ. ಮಂಚದ ದಿಮ್ಮಿ ಯಾವುದೋ ಗಿರಾಕಿಗೆ ಅರ್ಜೆಂಟಾಗಿ ಬೇಕಾಯಿತು. ಫೋನಿನ ಚಾರ್ಜರನ್ನು ಕಿಟಕಿಯ ಆಚೆಯ ಮೂಲೆಯಲ್ಲಿ ಸಿಕ್ಕಿಸಿದ. ಅಕ್ಕನ ಕರೆ ಬಂದಾಗಲೆಲ್ಲ ಟೇಲರಮ್ಮ ಎದ್ದು ಹೋಗಲೇಬೇಕು. ಅವಳು ನೀರು ಕೇಳಿದರೆ ಮೇಸ್ತ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ.

"ಅಕ್ಕ, ಇವರಿಗೆ ಅರಳು ಮರಳು ಶುರುವಾಗಿದೆ ಕಣೇ," ಎಂದು ಅವಳು ಫೋನಿನಲ್ಲಿ ಹೇಳಿಕೊಳ್ಳುವುದು ಅಂಗಡಿಗೆ ಕೇಳಿಸುತ್ತಿತ್ತು. "ಇಟ್ಟಿದ್ದು ನೆನಪಿಲ್ಲ, ಕರೆದ್ರೆ ಕೇಳಲ್ಲ. ಎಲ್ಲ ನಾನೇ ಎದ್ದು ಮಾಡ್ಕೋಬೇಕು." ಮೇಸ್ತ್ರಿ ತುಟಿ ಕಚ್ಚಿ ಮರ ಉಜ್ಜುತ್ತಿದ್ದ. ನಗುವೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಸಂಜೆ ಬೀದಿಯ ಕೊನೆಯ ಬಟ್ಟೆ ಅಂಗಡಿಯವರೆಗೆ ನಡೆಸಿಕೊಂಡು ಹೋಗುವುದು ಮಾತ್ರ ಸುಲಭವಾಯಿತು. ವ್ಯಾಯಾಮ ಎಂದರೆ ಬಾರದವಳು ದಾರದ ಉಂಡೆ ಎಂದರೆ ಬರುತ್ತಿದ್ದಳು. ದಾರಿಯಲ್ಲಿ ಹಳೇ ಗಿರಾಕಿಗಳು ಸಿಗುತ್ತಿದ್ದರು. ಯಾರದೋ ಮಗಳ ಅಂಗಿ ಬಿಗಿಯಾಗಿದೆ, ಯಾರದೋ ಕೋಟಿನ ಒಳಪದರ ಹರಿದಿದೆ. ಅವಳು ನಿಂತು ಮಾತಾಡುತ್ತಿದ್ದಳು, ಕೆಲಸ ಹಿಡಿದುಕೊಂಡು ಬರುತ್ತಿದ್ದಳು. ರಾತ್ರಿ ಕಾಳಿನ ಸಾರು ಬಡಿಸಿದರೆ ಇನ್ನೊಂದು ಸೌಟು ಹಾಕಿ ಎನ್ನುತ್ತಿದ್ದಳು. ನಿದ್ದೆಯೂ ಮೊದಲಿಗಿಂತ ಗಟ್ಟಿಯಾಯಿತು.

ಎಲ್ಲವೂ ಸಲೀಸಾಗಿ ಹೋಯಿತು ಎಂದುಕೊಂಡರೆ ಅದು ಸುಳ್ಳು. ಒಂದು ಸಂಜೆ ಮೇಸ್ತ್ರಿ ಒಳಗೆ ಬಂದಾಗ ಅವಳು ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ನಡುಗುತ್ತ ನಿಂತು, ಧೊಪ್ಪನೆ ಕೂತುಬಿಟ್ಟಳು. ಮತ್ತೆ ಎದ್ದಳು, ಮತ್ತೆ ಕೂತಳು. "ಆಗಲ್ಲ, ನನ್ನ ಕೈಲಿ ಆಗಲ್ಲ," ಎಂದು ಅತ್ತುಬಿಟ್ಟಳು. ಮೇಸ್ತ್ರಿಗೆ ಓಡಿಹೋಗಿ ಎತ್ತಬೇಕೆನಿಸಿತು. ಎತ್ತದೆ ಅಂಗಡಿಗೆ ಹೋಗಿ ಮೊಳೆಯ ಡಬ್ಬ ಸುರಿದ. ಕೊಯ್ದ ತುಂಡುಗಳು, ಅಂಟಿನ ಡಬ್ಬಿ, ಕೈಯಲ್ಲಿ ಕುಂಚ. ಎಂಥ ಕಟುಕ ನಾನು, ಮುದಿ ಹೆಂಗಸನ್ನು ಅಳಿಸಿ ನೋಡುತ್ತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡ.

ಆಗ ತಲೆ ಎತ್ತಿದ. ಅಂಗಡಿಯ ಬಾಗಿಲಿಂದ ಮೇಲಿನ ಕಿಟಕಿ ಕಾಣುತ್ತಿತ್ತು. ಅಕ್ಕ ಸೊಸೆಯ ತೋಳು ಹಿಡಿದು ಕಿಟಕಿಯ ಹತ್ತಿರ ಬಂದು ನಿಂತಿದ್ದಳು. ಜ್ವರ ಬಿಟ್ಟಿದ್ದರೂ ಅರ್ಧ ಆಗಿದ್ದಳು. ತಂಗಿಯ ಕಿಟಕಿಯ ಕಡೆ ನೋಡುತ್ತ, ಯಾರೂ ಕಾಣದೆ, ಕೈ ಬೀಸದೆ, ಹಾಗೇ ಸ್ವಲ್ಪ ಹೊತ್ತು ನಿಂತು ಒಳಗೆ ಹೋದಳು. ಮೇಸ್ತ್ರಿ ಅಂಟಿನ ಡಬ್ಬಿಯ ಮುಚ್ಚಳ ಬಿಗಿದು ಮೂಲೆಗೆ ತಳ್ಳಿದ. ಆದರೆ ಆಮೇಲೆ ಕೆಲವು ವಾರ ಗರಗಸ ಮುಟ್ಟಲಿಲ್ಲ. ಅವಳ ಕಾಲು ಆ ಎತ್ತರಕ್ಕೆ ಒಗ್ಗಲಿ ಎಂದು ಕಾದ.

ಚಳಿ ಮುಗಿಯುವ ಹೊತ್ತಿಗೆ ಕುರ್ಚಿ ಮಾಮೂಲಿ ಕುರ್ಚಿಯ ಎತ್ತರಕ್ಕೆ ಬಂದಿತ್ತು. ಒಂದು ಮಧ್ಯಾಹ್ನ ಟೇಲರಮ್ಮ ಫೋನಿನಲ್ಲಿ ಅಕ್ಕನ ಜೊತೆ ಜಗಳವಾಡುತ್ತಿದ್ದಳು. ಯಾವ ಕಾಲದ್ದೋ ನೀಲಿ ಅಂಗಿಯ ಬಟ್ಟೆ ಯಾರು ಹಾಳು ಮಾಡಿದ್ದು ಎಂಬ ಹಳೇ ತಕರಾರು. ಮಧ್ಯದಲ್ಲೇ ಅಕ್ಕ ಏನೋ ಅಂದಳು. ಇವಳು ಫೋನು ಕೆಳಗಿಟ್ಟು, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕುರ್ಚಿಯಿಂದ ಎದ್ದು ನಿಂತಳು. ಕುರ್ಚಿಯ ಕೈ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಅದನ್ನು ಕಂಡ.

"ರೀ, ಚಪ್ಪಲಿ ಎಲ್ಲಿ? ಅಕ್ಕನ ಮನೆಗೆ ಹೋಗ್ತೀನಿ."

"ಏನಂದಳು ಅಕ್ಕ?"

"'ನಿನ್ನ ಮುಖ ಕಾಣತ್ತೆ, ನಿನ್ನ ವಾಸನೆ ಮರೆತುಹೋಗಿದೆ ಕಣೇ' ಅಂದಳು."

ಮೇಸ್ತ್ರಿ ಅವಳ ಹಿಂದೆಯೇ ಮೆಟ್ಟಿಲು ಹತ್ತಿದ, ಬಿದ್ದರೆ ಹಿಡಿಯಲು ಎರಡೂ ಕೈ ಅಗಲಿಸಿಕೊಂಡು. ಅವಳು ಕಂಬಿ ಹಿಡಿದು ಒಂದೊಂದಾಗಿ ಏರಿದಳು. ಆವತ್ತು ಕೂತುಬಿಟ್ಟ ಮೆಟ್ಟಿಲು ಬಂತು. ಅದನ್ನೊಮ್ಮೆ ನೋಡಿ ದಾಟಿದಳು. ಎರಡನೇ ತಿರುವಿನಲ್ಲಿ ನಿಂತು ಸುಧಾರಿಸಿಕೊಂಡಳು. ಮುಖ ಕೆಂಪಾಗಿತ್ತು, ಕುತ್ತಿಗೆಯಲ್ಲಿ ಬೆವರು. "ಸಾಕಾ? ನಾಳೆ ಬರೋಣ್ವಾ?" ಎಂದು ಮೇಸ್ತ್ರಿ ಬಾಯಿ ತಪ್ಪಿ ಕೇಳಿಬಿಟ್ಟ. "ಬಾಯ್ಮುಚ್ಕೊಂಡು ಬನ್ನಿ," ಎಂದಳು ಅವಳು. ಮತ್ತೆ ಹತ್ತಿದಳು.

ಸೊಸೆ ಬಾಗಿಲು ತೆಗೆದವಳು "ಚಿಕ್ಕತ್ತೆ!" ಎಂದು ಕಿರುಚಿದಳು. ಅಕ್ಕ ಕಿಟಕಿಯ ಹತ್ತಿರ ಆ ಎತ್ತರದ ಕುರ್ಚಿಯಲ್ಲಿದ್ದಳು, ಕಾಲು ಮಣೆಯ ಮೇಲೆ. ತಂಗಿಯನ್ನು ನೋಡಿ ಏಳಲು ಒದ್ದಾಡಿದಳು, ಆಗಲಿಲ್ಲ, ಎರಡೂ ಕೈ ಚಾಚಿದಳು. ಟೇಲರಮ್ಮ ಹೋಗಿ ಅವಳ ಹೆಗಲಲ್ಲಿ ಮುಖ ಇಟ್ಟಳು. ಇಬ್ಬರೂ ಅತ್ತರು, ಸದ್ದು ಮಾಡಿಯೇ ಅತ್ತರು. ಸೊಸೆ ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟಳು. ಮೇಸ್ತ್ರಿ ಗೋಡೆಯ ಮೇಲೆ ಏನೋ ಇರುವ ಹಾಗೆ ಆ ಕಡೆ ನೋಡುತ್ತ ನಿಂತ.

"ಎಷ್ಟು ಸಣ್ಣಗಾಗಿದ್ದೀಯೇ ಅಕ್ಕ."

"ನೀನೇನು ದಪ್ಪ ಇದ್ದೀಯಾ? ಹೇಗೆ ಬಂದೆಯೇ? ಯಾರು ಹೊತ್ಕೊಂಡು ಬಂದ್ರು?"

"ಯಾರೂ ಇಲ್ಲ. ನನ್ನ ಕಾಲು."

"ಸುಳ್ಳು!"

ಚಹಾ ಆಯಿತು, ನೀಲಿ ಬಟ್ಟೆಯ ಜಗಳ ಮುಂದುವರಿಯಿತು, ಮುಗಿಯಲಿಲ್ಲ. ಹೊರಡುವ ಹೊತ್ತಿಗೆ ಟೇಲರಮ್ಮ ಅಕ್ಕನ ಕುರ್ಚಿಯ ಕೈ ಹಿಡಿದು ಅಲ್ಲಾಡಿಸಿದಳು. ಕುರ್ಚಿ ಬಂಡೆಯ ಹಾಗೆ ಗಟ್ಟಿಯಾಗಿತ್ತು. ಅವಳು ಹುಬ್ಬು ಗಂಟಿಕ್ಕಿದಳು.

"ಅಕ್ಕ, ನಿನ್ನ ಕುರ್ಚಿ ಕೀಲು ಸಡಿಲ ಆಗಿದೆ ಕಣೇ."

"ಎಲ್ಲಿ? ಸರಿಯಾಗೇ ಇದೆಯಲ್ಲೇ."

"ನಿನಗೇನು ಗೊತ್ತಾಗತ್ತೆ? ಬಿದ್ದುಗಿದ್ದೀಯ. ಇವರು ಒಯ್ದು ಬಿಗಿ ಮಾಡಿ ಸಂಜೆಗೇ ತಂದಿಡ್ತಾರೆ. ಅಲ್ಲಿ ತನಕ ಊಟದ ಕುರ್ಚಿಲಿ ಕೂತಿರು." ಆಮೇಲೆ ಗಂಡನ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ, "ಏನ್ರೀ? ಒಂದು ಬೆರಳಿನಷ್ಟು ಬಿಗಿ ಮಾಡಿದ್ರೆ ಸಾಕಲ್ವಾ ಸದ್ಯಕ್ಕೆ?" ಎಂದಳು.

ಮೇಸ್ತ್ರಿಗೆ ನಿಂತ ನೆಲ ಜಾರಿದ ಹಾಗಾಯಿತು. ಸೊಸೆಯ ಜೊತೆ ಸೇರಿ ಅಕ್ಕನನ್ನು ಊಟದ ಕುರ್ಚಿಗೆ ಕೂರಿಸಿದ. ಎತ್ತರದ ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ಹೆಂಡತಿಯ ಹಿಂದೆ ಮೆಟ್ಟಿಲಿಳಿದ.

ಆವತ್ತಿನ ಆ ಮೆಟ್ಟಿಲು ಬಂದಾಗ ಅವಳು ನಿಂತಳು. ಕಂಬಿ ಹಿಡಿದು, ಬೇಕೆಂದೇ, ಅಲ್ಲೇ ಕೂತಳು. ಮೇಸ್ತ್ರಿ ಕುರ್ಚಿಯನ್ನು ತಿರುವಿನಲ್ಲಿಳಿಸಿ ಗಾಬರಿಯಿಂದ ಬಂದ.

"ಸುಸ್ತಾಯ್ತಾ?"

"ಇಲ್ಲ. ಕೂತಿದ್ದೀನಿ. ಕೂರಬಾರದಾ?"

ಕೆಳಗೆ ಇಸ್ತ್ರಿ ಅಂಗಡಿಯವನ ರೇಡಿಯೋ ಕೇಳಿಸುತ್ತಿತ್ತು.

"ಯಾವಾಗ ಗೊತ್ತಾಯ್ತು ನಿನಗೆ?" ಎಂದು ಮೇಸ್ತ್ರಿ ಕೊನೆಗೂ ಕೇಳಿದ.

"ಮೊದಲನೇ ದಿನಾನೇ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ? ಗವಸು ಹಾಕಿ ನೋಡ್ತೀನಿ, ಫ್ರಿಲ್ಲು ನೆಲದ ಮೇಲೆ ಬಿದ್ದು ಒದ್ದಾಡ್ತಾ ಇದೆ. ನನ್ನ ಅಳತೆ ತಪ್ಪಲ್ಲ, ನಿಮ್ಮ ಕೀಲು ಸಡಿಲ ಆಗಲ್ಲ. ಮತ್ತೆ ಇನ್ನೇನಾಗಿರತ್ತೆ?"

ಮರದವನಿಗೆ ಮರದ ಲೆಕ್ಕ ಮಾತ್ರ ಗೊತ್ತು. ಕಾಲು ಕೊಯ್ದಷ್ಟೂ ಬಟ್ಟೆ ಉದ್ದವಾಗುತ್ತದೆ ಎಂದು ಅವನ ತಲೆಗೆ ಹೊಳೆದೇ ಇರಲಿಲ್ಲ. ಆ ಫ್ರಿಲ್ಲು ಎಲ್ಲ ದಿನವೂ ನೆಲಕ್ಕೆ ತಾಗಿಯೂ ತಾಗದ ಹಾಗೇ ಇತ್ತು, ಅವನು ನೋಡಿದಾಗಲೆಲ್ಲ. "ಪ್ರತಿ ಸಲ ನೀವು ಕೊಯ್ದ ಮಾರನೇ ದಿನಾನೇ ಅಂಚು ಬಿಚ್ಚಿ, ಒಳಗೆ ಮಡಿಚಿ ಹೆಮ್ಮಿಂಗ್ ಹಾಕ್ತಿದ್ದೆ," ಎಂದಳು ಅವಳು. ಮಡಿಕೆ ಮೇಲೆ ಮಡಿಕೆ ಕೂತು ಈಗ ಸೂಜಿ ಇಳಿಯುವುದೇ ಕಷ್ಟವಾಗಿದೆ.

"ಮತ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ." ಅವಳು ಅವನನ್ನು ನೇರವಾಗಿ ನೋಡಿದಳು. "ನಾನು 'ಅಯ್ಯೋ' ಅಂದ್ರೆ ಸಾಕು, ಕರಗೋ ಮನುಷ್ಯ ನೀವು. ಗೊತ್ತಿಲ್ಲದ ಹಾಗಿದ್ರೆ ನಾನು ಎಷ್ಟು ಬೈದ್ರೂ ನೀವು ಕದ್ದುಮುಚ್ಚಿ ಕೊಯ್ತಾ ಇರ್ತೀರಿ. ಅದಕ್ಕೇ ಬೈದೆ. ಆದ್ರೆ ಆವತ್ತೊಂದು ದಿನ ಅತ್ತೆನಲ್ಲ, ಅದು ನಿಜವಾಗ್ಲೂ ಅತ್ತಿದ್ದು. ನೀವು ಅಂಗಡಿಗೆ ಹೋದ್ರಿ. ಕುರ್ಚಿ ಕಾಲಿಗೆ ಮತ್ತೆ ತುಂಡು ಅಂಟಿಸಿಬಿಡ್ತೀರೇನೋ ಅಂತ ರಾತ್ರಿಯೆಲ್ಲ ಹೆದರಿದ್ದೆ. ಬೆಳಿಗ್ಗೆ ಎದ್ದು ಮೊದಲು ಫ್ರಿಲ್ಲು ನೋಡ್ದೆ. ಹಾಗೇ ಇತ್ತು."

ಮೇಸ್ತ್ರಿಯ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಹೋಗಲಿಲ್ಲ. ಬಗ್ಗಿ, ಅಭ್ಯಾಸಬಲದಿಂದ, ಅವಳನ್ನು ಎಬ್ಬಿಸಲು ಕೈ ಚಾಚಿದ.

ಟೇಲರಮ್ಮ ಆ ಕೈಯನ್ನು ನೋಡಿದಳು. ಗರಗಸ ಹಿಡಿದು ಹಿಡಿದು ಗಂಟುಗಟ್ಟಿದ ಕೈ. ಅದನ್ನೊಮ್ಮೆ ತನ್ನ ಕೈಯಲ್ಲಿ ಹಿಡಿದು, ಅಮುಕಿ, ಬಿಟ್ಟಳು.

"ಆ ಕೈ ಅಕ್ಕನ ಕುರ್ಚಿಗಿರಲಿ," ಎಂದಳು.

ಮೇಸ್ತ್ರಿ ಕೈ ಹಿಂದಕ್ಕೆಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಪಾದ ಹತ್ತಿರ ತಂದುಕೊಂಡು, ಮುಂದಕ್ಕೆ ಬಾಗಿದಳು. ಒಂದು ಸಲ ನಡುಗಿದಳು. ಅವನ ಬೆನ್ನ ಹಿಂದೆ ಬೆರಳುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡವು. ಅವಳು ಎದ್ದು ನಿಂತಳು, ಬಟ್ಟೆಯ ಧೂಳು ಕೊಡವಿಕೊಂಡಳು.

"ಏನು ನೋಡ್ತಾ ನಿಂತಿದ್ದೀರಿ? ಕುರ್ಚಿ ಎತ್ಕೊಳ್ಳಿ, ಕತ್ತಲಾಗೋದ್ರೊಳಗೆ ಒಂದು ಬೆರಳು ತೆಗೀಬೇಕು," ಎಂದು ಹೇಳಿ ಅವಳು ಮುಂದೆ ಇಳಿದಳು.